ಪನ್ವೇಲ್‌ನಿಂದ ತಲಪಾಡಿಯವರೆಗೆ: ಹೆದ್ದಾರಿ ಅಗಲೀಕರಣದ ಅಧ್ಯಯನ ಮತ್ತು ಹಳೆಯ ಸೇತುವೆಗಳ ಪ್ರಶ್ನೆ

ಮುಂಬಯಿಯಲ್ಲಿ ನೆಲೆನಿಂತಿರುವ ಕರಾವಳಿ ಕನ್ನಡಿಗರಿಗೆ ಊರಿನ ದಾರಿಯೆಂದರೆ ಬಹುಕಾಲದಿಂದ ರಾಷ್ಟ್ರೀಯ ಹೆದ್ದಾರಿ 17. ದೇಶದ ಹೆದ್ದಾರಿಗಳಿಗೆ 2010ರಲ್ಲಿ ಹೊಸ ಸಂಖ್ಯೆಗಳನ್ನು ನೀಡಿದಾಗ ಇದು ರಾಷ್ಟ್ರೀಯ ಹೆದ್ದಾರಿ 66 ಆಯಿತು. ಹೆಸರು ಬದಲಾದರೂ ದಾರಿಯ ಸ್ವಭಾವ ಬದಲಾಗಲಿಲ್ಲ. ಒಂದು ಬದಿಯಲ್ಲಿ ಸಹ್ಯಾದ್ರಿ, ಇನ್ನೊಂದು ಬದಿಯಲ್ಲಿ ಸಮುದ್ರ, ನಡುವೆ ಸಾಲುಸಾಲಾಗಿ ನದಿಗಳು. ಈ ದಾರಿಯನ್ನು ದ್ವಿಪಥದಿಂದ ಚತುಷ್ಪಥಕ್ಕೆ ಅಗಲಗೊಳಿಸುವ ಕಾರ್ಯ ಕಳೆದ ಒಂದೂವರೆ ದಶಕದಿಂದ ನಮ್ಮ ಊರುಗಳ ಬದುಕಿನ ಭಾಗವೇ ಆಗಿಬಿಟ್ಟಿದೆ.

ಕಾಮಗಾರಿಯ ವಿಳಂಬ, ಹೊಂಡ, ಟೋಲ್ ಇವುಗಳ ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಆದರೆ ಕಾಮಗಾರಿ ಆರಂಭವಾಗುವ ಮೊದಲೇ ಕಾಗದದ ಮೇಲೆ ನಡೆಯುವ ಯೋಜನಾ ಮತ್ತು ತಾಂತ್ರಿಕ ಅಧ್ಯಯನದ ಬಗ್ಗೆ ಜನಸಾಮಾನ್ಯರಿಗೆ ತಿಳಿದಿರುವುದು ಕಡಿಮೆ. ಯಾವ ಗುಡ್ಡವನ್ನು ಎಷ್ಟು ಕಡಿಯಬೇಕು, ಯಾರ ತೋಟ ರಸ್ತೆಗೆ ಹೋಗಬೇಕು, ಯಾವ ಹಳೆಯ ಸೇತುವೆಯನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕೆಡವಿ ಹೊಸದಾಗಿ ಕಟ್ಟಬೇಕು ಎಂಬ ತೀರ್ಮಾನಗಳೆಲ್ಲ ಅಲ್ಲಿಯೇ ಆಗಿರುತ್ತವೆ. ಆ ಅಧ್ಯಯನದ ಹಂತಗಳನ್ನೂ, ಅದರಲ್ಲಿ ಸೇತುವೆಗಳಿಗಿರುವ ಮಹತ್ವವನ್ನೂ, ಪರವೂರಿನಲ್ಲಿರುವ ಕುಟುಂಬಗಳು ಅದನ್ನು ಏಕೆ ಗಮನಿಸಬೇಕೆಂಬುದನ್ನೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ನದಿಗಳನ್ನು ದಾಟುವ ಹೆದ್ದಾರಿ

ಪನ್ವೇಲ್‌ನಲ್ಲಿ ಆರಂಭವಾಗಿ ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳಗಳ ಮೂಲಕ ಕನ್ಯಾಕುಮಾರಿಯವರೆಗೆ ಸಾಗುವ ಈ ಹೆದ್ದಾರಿಯ ಉದ್ದ ಸುಮಾರು 1,600 ಕಿ.ಮೀ. ಅದರಲ್ಲಿ ಕರ್ನಾಟಕದ ಪಾಲು ಸುಮಾರು 280 ಕಿ.ಮೀ. ಕೊಂಕಣದಲ್ಲಿ ಅಂಬಾ, ಕುಂಡಲಿಕಾ, ಸಾವಿತ್ರಿ, ಜಗಬುಡಿ, ವಾಶಿಷ್ಠಿ, ಶಾಸ್ತ್ರಿ ನದಿಗಳನ್ನೂ, ಗೋವೆಯಲ್ಲಿ ಮಾಂಡವಿ, ಜುವಾರಿಗಳನ್ನೂ ಇದು ದಾಟುತ್ತದೆ. ಕಾರವಾರ ಬಂದೊಡನೆ ಕಾಳಿ, ಬಳಿಕ ಗಂಗಾವಳಿ, ಅಘನಾಶಿನಿ, ಶರಾವತಿ. ಅದರಿಂದಾಚೆಗೆ ಸೌಪರ್ಣಿಕಾ, ಚಕ್ರಾ, ವಾರಾಹಿ, ಸೀತಾ, ಸ್ವರ್ಣಾ, ಶಾಂಭವಿ, ನಂದಿನಿ, ಫಲ್ಗುಣಿ, ಕೊನೆಗೆ ನೇತ್ರಾವತಿ. ಇಷ್ಟು ನದಿಗಳನ್ನು ಅವುಗಳ ಮುಖಜ ಭಾಗದ ಸನಿಹದಲ್ಲಿಯೇ ದಾಟುವ ಹೆದ್ದಾರಿಗೆ ಸೇತುವೆಗಳೇ ಜೀವಾಳ. ಸೇತುವೆಗಳಿಲ್ಲದ ಕಾಲದಲ್ಲಿ ದೋಣಿ ಕಡವುಗಳೇ ಗತಿಯಾಗಿದ್ದವೆಂಬುದನ್ನು ಹಿರಿಯ ತಲೆಮಾರಿನವರು ಬಲ್ಲರು.

ಪಶ್ಚಿಮಕ್ಕೆ ಹರಿಯುವ ಈ ನದಿಗಳಿಗೆ ಕೆಲವು ವಿಶೇಷ ಲಕ್ಷಣಗಳಿವೆ. ಇವುಗಳ ಉದ್ದ ಕಡಿಮೆ, ಇಳಿಜಾರು ಹೆಚ್ಚು. ಘಟ್ಟದ ಮೇಲೆ ಮಳೆ ಸುರಿದ ಕೆಲವೇ ಗಂಟೆಗಳಲ್ಲಿ ಪ್ರವಾಹ ಕೆಳಗಿಳಿಯುತ್ತದೆ. ಕೆಳಭಾಗದಲ್ಲಿ ಸಮುದ್ರದ ಭರತದ ನೀರು ಒಳನುಗ್ಗುವುದರಿಂದ ಪ್ರವಾಹದ ನೀರು ಸುಲಭವಾಗಿ ಹೊರಹೋಗುವುದಿಲ್ಲ. ವರ್ಷವಿಡೀ ಉಪ್ಪುನೀರು, ಉಪ್ಪುಗಾಳಿ ಸೇತುವೆಯ ಕಾಂಕ್ರೀಟನ್ನೂ ಉಕ್ಕನ್ನೂ ಬಾಧಿಸುತ್ತಲೇ ಇರುತ್ತವೆ.

ಮೂರು ಕುಸಿತಗಳು

ಇದೇ ಹೆದ್ದಾರಿಯಲ್ಲಿ ನಡೆದ ಮೂರು ಸೇತುವೆ ಕುಸಿತಗಳನ್ನು ಒಟ್ಟಿಗೆ ನೋಡಿದರೆ ವಿಷಯದ ಗಾಂಭೀರ್ಯ ಮನವರಿಕೆಯಾಗುತ್ತದೆ.

ಮೊದಲನೆಯದು ಪಣಜಿಯ ಮಾಂಡವಿ ಸೇತುವೆ. 1970ರಲ್ಲಿ ಸಂಚಾರಕ್ಕೆ ತೆರೆದ ಈ ಸೇತುವೆ 1986ರ ಜುಲೈ 5ರಂದು ಕುಸಿಯಿತು. ಆಗ ಅದಕ್ಕೆ ಕೇವಲ 16 ವರ್ಷ. ಕಾಂಕ್ರೀಟಿನ ಒಳಗೆ ಬಿಗಿದಿಟ್ಟ ಉಕ್ಕಿನ ತಂತಿಗಳು ತುಕ್ಕು ಹಿಡಿದದ್ದು ಮುಖ್ಯ ಕಾರಣವೆಂದು ಇಂಜಿನಿಯರರು ಗುರುತಿಸಿದರು.

ಎರಡನೆಯದು ರಾಯಗಡ ಜಿಲ್ಲೆಯ ಮಹಾಡದ ಬಳಿಯ ಸಾವಿತ್ರಿ ಸೇತುವೆ. ಬ್ರಿಟಿಷರ ಕಾಲದಲ್ಲಿ, 1928ರಲ್ಲಿ ನಿರ್ಮಿಸಿದ ಕಲ್ಲಿನ ಕಮಾನು ಸೇತುವೆಯಿದು. ಮಹಾಬಳೇಶ್ವರದ ಕಡೆಯ ಮಳೆಯಿಂದ ನದಿ ಉಕ್ಕಿದ್ದ 2016ರ ಆಗಸ್ಟ್ 2ರ ರಾತ್ರಿ ಸೇತುವೆ ಕೊಚ್ಚಿಹೋಯಿತು. ರಾಜ್ಯ ಸಾರಿಗೆಯ ಎರಡು ಬಸ್ಸುಗಳೂ ಒಂದು ಕಾರೂ ಕತ್ತಲೆಯಲ್ಲಿ ನದಿಗೆ ಬಿದ್ದು ಪ್ರಯಾಣಿಕರು ಅಸುನೀಗಿದರು. ಅದೇ ವರ್ಷದ ಮೇ ತಿಂಗಳಲ್ಲಿ ತಪಾಸಣೆ ನಡೆದು, ಸಂಚಾರಕ್ಕೆ ಅಪಾಯವಿಲ್ಲವೆಂಬ ಅಭಿಪ್ರಾಯ ಬಂದಿತ್ತೆಂದು ಸರಕಾರವೇ ತಿಳಿಸಿತು. ಪಕ್ಕದಲ್ಲಿಯೇ ಇದ್ದ ಹೊಸ ಸೇತುವೆ ಅಲುಗದೆ ನಿಂತಿತ್ತು.

ಮೂರನೆಯದು ನಮ್ಮ ಕಾರವಾರದ ಕಾಳಿ ಸೇತುವೆ. ಕೋಡಿಬಾಗ ಮತ್ತು ಸದಾಶಿವಗಡಗಳನ್ನು ಜೋಡಿಸುತ್ತಿದ್ದ, ಸುಮಾರು 40 ವರ್ಷ ಹಳೆಯ ಈ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು, ಅದರ ಮೇಲೆ ಸಾಗುತ್ತಿದ್ದ ಲಾರಿಯೊಂದು ನದಿಗೆ ಬಿತ್ತು. ಚಾಲಕನನ್ನು ರಕ್ಷಿಸಲಾಯಿತು. ಚತುಷ್ಪಥ ಯೋಜನೆಯಡಿ ಪಕ್ಕದಲ್ಲಿ ಹೊಸ ಸೇತುವೆ ಕಟ್ಟಿ, ಹಳೆಯದನ್ನು ಒಂದು ದಿಕ್ಕಿನ ಸಂಚಾರಕ್ಕೆ ಉಳಿಸಿಕೊಳ್ಳಲಾಗಿತ್ತು. ಕುಸಿತದ ಬಳಿಕ ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಯನ್ನೇ ಅವಲಂಬಿಸಬೇಕಾಯಿತು.

ಒಂದು 88 ವರ್ಷದ್ದು, ಒಂದು ಸುಮಾರು 40ರದ್ದು, ಇನ್ನೊಂದು 16ರದ್ದು. ಆದುದರಿಂದ ವಯಸ್ಸೊಂದರಿಂದಲೇ ಸೇತುವೆಯ ಆರೋಗ್ಯವನ್ನು ಅಳೆಯಲಾಗದು. ಕೊನೆಯ ಎರಡು ಪ್ರಕರಣಗಳಲ್ಲಿ ಹೊಸ ಸೇತುವೆಯ ಪಕ್ಕದಲ್ಲಿದ್ದ ಹಳೆಯ ಸೇತುವೆಯೇ ಕುಸಿದದ್ದೆಂಬುದೂ ಗಮನಾರ್ಹ. ಹಾಗಾಗಿ ಅಗಲೀಕರಣದ ಅಧ್ಯಯನದಲ್ಲಿ ಹೊಸ ಸೇತುವೆಯ ವಿನ್ಯಾಸಕ್ಕಿರುವಷ್ಟೇ ಮಹತ್ವ ಹಳೆಯದರ ಭವಿಷ್ಯದ ಪ್ರಶ್ನೆಗೂ ಇದೆ.

ಅಧ್ಯಯನದ ಹಂತಗಳು

ಹೆದ್ದಾರಿ ಯೋಜನೆಯನ್ನು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವಾಗಲಿ, ಕೇಂದ್ರ ಸಚಿವಾಲಯದ ಪರವಾಗಿ ರಾಜ್ಯದ ಲೋಕೋಪಯೋಗಿ ಇಲಾಖೆಯಾಗಲಿ ಕೈಗೆತ್ತಿಕೊಂಡಾಗ ಮೊದಲು ಸಲಹಾ ಸಂಸ್ಥೆಯೊಂದನ್ನು ನೇಮಿಸಲಾಗುತ್ತದೆ. ಆ ಸಂಸ್ಥೆ ಮೊದಲು ಕಾರ್ಯಸಾಧ್ಯತೆಯನ್ನು ಪರಿಶೀಲಿಸಿ ಪರ್ಯಾಯ ಮಾರ್ಗಗಳನ್ನು ಹೋಲಿಸುತ್ತದೆ. ಒಂದು ಮಾರ್ಗ ಒಪ್ಪಿತವಾದ ಬಳಿಕ ಇಂಜಿನಿಯರರು ಡಿಪಿಆರ್ ಎಂದು ಕರೆಯುವ ವಿವರವಾದ ಯೋಜನಾ ವರದಿ ಸಿದ್ಧವಾಗುತ್ತದೆ. ನಕ್ಷೆ, ವಿನ್ಯಾಸ, ಅಂದಾಜು ವೆಚ್ಚ, ಭೂಸ್ವಾಧೀನದ ಪಟ್ಟಿ, ಪರಿಸರ ವರದಿ ಎಲ್ಲವೂ ಅದರ ಸಂಪುಟಗಳಲ್ಲಿರುತ್ತವೆ.

ಈ ಕಾರ್ಯಕ್ಕೆ ಬೇಕಾದ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಮುಂಬಯಿಯ ಖ್ಯಾತ ನ್ಯಾಯವಾದಿ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 1934ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಕೈಪಿಡಿಗಳೇ ಇಂದಿಗೂ ನಮ್ಮ ರಸ್ತೆ, ಸೇತುವೆಗಳ ವಿನ್ಯಾಸಕ್ಕೆ ಆಧಾರ.

ವಾಹನಗಳ ಗಣತಿ

ರಸ್ತೆಯನ್ನು ಅಗಲಗೊಳಿಸುವ ಅಗತ್ಯವಿದೆಯೇ ಎಂಬ ಮೊದಲ ಪ್ರಶ್ನೆಗೆ ಉತ್ತರ ದೊರೆಯುವುದು ವಾಹನ ಗಣತಿಯಿಂದ. ಆಯ್ದ ಸ್ಥಳಗಳಲ್ಲಿ ಸತತ 7 ದಿನ, ಹಗಲು ರಾತ್ರಿ, ಪ್ರತಿಯೊಂದು ವಾಹನವನ್ನೂ ಬಗೆಬಗೆಯಾಗಿ ಎಣಿಸಲಾಗುತ್ತದೆ. ಎಲ್ಲ ವಾಹನಗಳೂ ರಸ್ತೆಯ ಮೇಲೆ ಸಮಾನ ಜಾಗ ಬಳಸುವುದಿಲ್ಲವಾದ್ದರಿಂದ ಅವನ್ನು ಕಾರಿನ ಅಳತೆಗೆ ಪರಿವರ್ತಿಸುತ್ತಾರೆ. 1990ರ ಕೈಪಿಡಿಯ ಪ್ರಕಾರ ಕಾರು 1 ಘಟಕವಾದರೆ ದ್ವಿಚಕ್ರ ವಾಹನ 0.5, ಲಘು ಸರಕು ವಾಹನ 1.5, ಲಾರಿ ಅಥವಾ ಬಸ್ಸು 3, ಟ್ರೇಲರ್ ಲಾರಿ 4.5. ನಿಧಾನವಾಗಿ ಸಾಗುವ ಎತ್ತಿನ ಗಾಡಿಗೆ 8 ಘಟಕ!

ಒಂದು ಉದಾಹರಣೆ ನೋಡೋಣ. ದಿನಕ್ಕೆ 6,000 ಕಾರು, 6,000 ದ್ವಿಚಕ್ರ ವಾಹನ, 400 ಲಘು ಸರಕು ವಾಹನ, 1,300 ಲಾರಿ-ಬಸ್ಸು, 200 ಟ್ರೇಲರ್ ಸಾಗುವ ರಸ್ತೆಯ ಒಟ್ಟು ಹೊರೆ 14,400 ಘಟಕ. ಸಮತಟ್ಟಾದ ನೆಲದಲ್ಲಿ ದ್ವಿಪಥ ರಸ್ತೆಯ ಸಾಮರ್ಥ್ಯವನ್ನು ಅದೇ ಕೈಪಿಡಿ ದಿನಕ್ಕೆ 15,000 ಘಟಕವೆಂದು ಗೊತ್ತುಪಡಿಸಿದೆ. ಏರಿಳಿತದ ನೆಲದಲ್ಲಿ ಅದು 11,000ಕ್ಕೂ, ಗುಡ್ಡಗಾಡಿನಲ್ಲಿ 7,000ಕ್ಕೂ ಇಳಿಯುತ್ತದೆ. ಕೊಂಕಣದ ರಸ್ತೆ ಬಹುಪಾಲು ಏರಿಳಿತದ್ದೇ ಆದುದರಿಂದ ಅಷ್ಟು ವಾಹನಗಳಿಗೆ ದ್ವಿಪಥ ಸಾಲದು. ವರ್ಷಕ್ಕೆ ಶೇ. 5ರ ಬೆಳವಣಿಗೆಯಿಟ್ಟು ಲೆಕ್ಕ ಹಾಕಿದರೆ 10 ವರ್ಷಗಳಲ್ಲಿ 14,400 ಘಟಕ ಸುಮಾರು 23,450 ಆಗುತ್ತದೆ. ಚತುಷ್ಪಥದ ಸಾಮರ್ಥ್ಯ ಸಮತಟ್ಟಾದ ನೆಲದಲ್ಲಿ ಸುಮಾರು 40,000 ಘಟಕ.

ಎಣಿಕೆಯ ಜೊತೆಗೆ ಭಾರವನ್ನೂ ಅಳೆಯಬೇಕು. ಲಾರಿಗಳನ್ನು ನಿಲ್ಲಿಸಿ ಪ್ರತಿ ಅಚ್ಚಿನ ಮೇಲಿನ ತೂಕವನ್ನು ದಾಖಲಿಸುತ್ತಾರೆ. ಅಚ್ಚಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಸುಮಾರು 16 ಪಟ್ಟಾಗುತ್ತದೆಂಬುದು ರಸ್ತೆ ಶಾಸ್ತ್ರದ ಒಂದು ಮೂಲ ಸೂತ್ರ. ಮಿತಿಮೀರಿ ಸರಕು ಹೇರಿದ ಲಾರಿಯೊಂದು ಸಾವಿರಾರು ಕಾರುಗಳಿಗಿಂತ ಹೆಚ್ಚು ಹಾನಿ ಮಾಡುವುದು ಈ ಕಾರಣದಿಂದ. 40, 50 ವರ್ಷಗಳ ಹಿಂದಿನ ಲಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಸೇತುವೆಯ ಮೇಲೆ ಇಂದಿನ ಬಹುಅಚ್ಚಿನ ಲಾರಿಗಳು ಸಾಲಾಗಿ ನಿಲ್ಲುವಾಗ ಆ ಸೇತುವೆಯ ಲೆಕ್ಕವನ್ನು ಮತ್ತೊಮ್ಮೆ ಮಾಡಲೇಬೇಕಾಗುತ್ತದೆ.

ಮಾರ್ಗ ಮತ್ತು ಗುಡ್ಡ

ಇದ್ದ ರಸ್ತೆಯನ್ನೇ ಅಗಲಗೊಳಿಸಬೇಕೋ, ಪೇಟೆಯ ಹೊರಗೆ ಬೈಪಾಸ್ ಮಾಡಬೇಕೋ, ಘಾಟಿಯ ಬದಲು ಸುರಂಗ ಕೊರೆಯಬೇಕೋ ಎಂಬುದು ಮುಂದಿನ ತೀರ್ಮಾನ. ಪೋಲಾದಪುರ ಮತ್ತು ಖೇಡ್ ನಡುವಿನ ಕಶೇಡಿ ಘಾಟಿಗೆ ಪರ್ಯಾಯವಾಗಿ ಸುರಂಗ ಮಾರ್ಗವನ್ನು ಆರಿಸಿಕೊಂಡದ್ದು ಇಂಥ ಹೋಲಿಕೆಯ ಫಲ. ಅಲ್ಲಿಯ ಒಂದು ಸುರಂಗ 2023ರಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ಪನ್ವೇಲ್ ಸಮೀಪ ಕರ್ನಾಳಾ ಪಕ್ಷಿಧಾಮದ ನಡುವೆ ಹಾದುಹೋಗುವ ಭಾಗದಲ್ಲಿ ವನ್ಯಜೀವಿ ಅನುಮತಿಯ ಪ್ರಶ್ನೆಯಿಂದಾಗಿ ಅಗಲೀಕರಣ ದೀರ್ಘಕಾಲ ಕುಂಠಿತವಾಯಿತು. ಆರಂಭದಲ್ಲಿಯೇ ಇತ್ಯರ್ಥವಾಗದ ಪ್ರಶ್ನೆ ನಡುದಾರಿಯಲ್ಲಿ ಎದ್ದು ನಿಲ್ಲುತ್ತದೆಂಬುದಕ್ಕೆ ಇದು ನಿದರ್ಶನ.

ಸೇತುವೆಯನ್ನು ಕೂಡುವ ರಸ್ತೆಯ ತಿರುವು, ಸೇತುವೆಯ ಅಗಲ, ತಡೆಗೋಡೆ ಇವೂ ಪರಿಶೀಲನೆಗೆ ಬರುತ್ತವೆ. 2013ರ ಮಾರ್ಚ್ 19ರಂದು ಖೇಡ್ ಬಳಿಯ ಜಗಬುಡಿ ನದಿಯ ಕಿರಿದಾದ ಹಳೆಯ ಸೇತುವೆಯಿಂದ ಗೋವಾ-ಮುಂಬಯಿ ಬಸ್ಸೊಂದು ಕೆಳಗುರುಳಿ 37 ಮಂದಿ ಮೃತಪಟ್ಟರು. ಅಲ್ಲಿ ಸೇತುವೆ ಕುಸಿಯಲಿಲ್ಲ. ಆದರೂ ಇಂದಿನ ವೇಗಕ್ಕೂ ವಾಹನಗಳಿಗೂ ಹೊಂದದ ಹಳೆಯ ಸೇತುವೆ ಎಷ್ಟು ಅಪಾಯಕಾರಿಯಾಗಬಲ್ಲದೆಂಬುದನ್ನು ಆ ದುರಂತ ತೋರಿಸಿತು.

ಕರಾವಳಿಯ ಮಣ್ಣಿನ ವಿಚಾರವನ್ನೂ ಇಲ್ಲಿ ಹೇಳಬೇಕು. ಮೇಲೆ ಗಟ್ಟಿಯಾದ ಮುರಕಲ್ಲು, ಅದರಡಿ ಊರಲ್ಲಿ ಶೇಡಿ ಎಂದು ಕರೆಯುವ ಮೆತ್ತನೆಯ ಮಣ್ಣು. ಒಣಗಿದ್ದಾಗ ಬಲವಾಗಿರುವ ಶೇಡಿ, ನೀರು ಕುಡಿದೊಡನೆ ಬಲ ಕಳೆದುಕೊಳ್ಳುತ್ತದೆ. ಗುಡ್ಡವನ್ನು ನೆಟ್ಟಗೆ ಕಡಿದರೆ ಆ ಪದರ ಮಳೆಗೆ ತೆರೆದುಕೊಳ್ಳುತ್ತದೆ. ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು, ರಸ್ತೆ ಬದಿಯಲ್ಲಿ ಚಹಾ ಅಂಗಡಿ ನಡೆಸುತ್ತಿದ್ದ ಕುಟುಂಬವೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡಾಗ, ಭಾರೀ ಮಳೆಯೊಂದಿಗೆ ಅಗಲೀಕರಣಕ್ಕಾಗಿ ಗುಡ್ಡ ಕಡಿದ ರೀತಿಯ ಕುರಿತೂ ಪ್ರಶ್ನೆಗಳೆದ್ದವು. ಇಳಿಜಾರನ್ನು ಮೆಟ್ಟಿಲುಗಳಾಗಿ ಕಡಿದು, ನೀರು ಹೋಗಲು ಚರಂಡಿ ಮಾಡಿ, ಅಗತ್ಯವಿದ್ದಲ್ಲಿ ತಡೆಗೋಡೆ ಕಟ್ಟುವುದು ಸರಿಯಾದ ಕ್ರಮ. ಅದಕ್ಕೆ ಹೆಚ್ಚು ಜಮೀನು ಬೇಕು. ಜಮೀನು ಕಡಿಮೆ ಮಾಡಿದರೆ ಗುಡ್ಡ ನೆಟ್ಟಗಾಗುತ್ತದೆ. ಹೀಗೆ ಭೂಸ್ವಾಧೀನದ ಅಳತೆಗೂ ಗುಡ್ಡದ ಸುರಕ್ಷತೆಗೂ ನೇರ ಸಂಬಂಧವಿದೆ.

ನೀರಿನ ಲೆಕ್ಕ

ಸೇತುವೆಯ ವಿನ್ಯಾಸ ಆರಂಭವಾಗುವುದು ನದಿಯಿಂದ. ಜಲಾನಯನ ಪ್ರದೇಶದ ವಿಸ್ತಾರ, ಮಳೆಯ ದಾಖಲೆ, ದಡದ ನಿವಾಸಿಗಳು ತೋರಿಸುವ ಹಿಂದಿನ ನೆರೆಯ ಗುರುತು ಇವುಗಳಿಂದ ಗರಿಷ್ಠ ಪ್ರವಾಹವನ್ನು ಅಂದಾಜು ಮಾಡುತ್ತಾರೆ. ಸಹ್ಯಾದ್ರಿಯ ನದಿಗಳಿಗೆ ಸರ್ ಕ್ಲಾಡ್ ಇಂಗ್ಲಿಸ್ ರೂಪಿಸಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಅವರು ಮುನ್ನಡೆಸಿದ ಪುಣೆಯ ಖಡಕವಾಸಲಾ ಸಂಶೋಧನಾ ಕೇಂದ್ರ ನದಿ ಮತ್ತು ಸೇತುವೆಗಳ ಮಾದರಿ ಪ್ರಯೋಗಗಳಿಗೆ ಹೆಸರಾಗಿದೆ.

ಹೆದ್ದಾರಿಯ ದೊಡ್ಡ ಸೇತುವೆಗಳನ್ನು ಸಾಮಾನ್ಯವಾಗಿ ನೂರು ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹಕ್ಕೆ ವಿನ್ಯಾಸಗೊಳಿಸುತ್ತಾರೆ. ಈ ಮಾತನ್ನು ಹಲವರು ತಪ್ಪಾಗಿ ತಿಳಿಯುವುದುಂಟು. ಒಮ್ಮೆ ಬಂದರೆ ಇನ್ನು ನೂರು ವರ್ಷ ಬರುವುದಿಲ್ಲವೆಂದು ಇದರ ಅರ್ಥವಲ್ಲ. ಪ್ರತಿ ವರ್ಷವೂ ಅಂಥ ಪ್ರವಾಹ ಬರುವ ಸಂಭವ ನೂರರಲ್ಲಿ ಒಂದು ಎಂದಷ್ಟೇ ಅರ್ಥ. ಲೆಕ್ಕ ಹಾಕಿದರೆ, 50 ವರ್ಷಗಳ ಅವಧಿಯಲ್ಲಿ ಒಮ್ಮೆಯಾದರೂ ಅಂಥ ಪ್ರವಾಹ ಬರುವ ಸಂಭವ ಸುಮಾರು ಶೇ. 40, ನೂರು ವರ್ಷಗಳಲ್ಲಿ ಸುಮಾರು ಶೇ. 63.

ಪ್ರವಾಹದ ನೀರು ಸೇತುವೆಯನ್ನು ಮೇಲಿನಿಂದ ತಳ್ಳುವುದಕ್ಕಿಂತ ಕೆಳಗಿನಿಂದ ಕೊರೆಯುವುದೇ ಹೆಚ್ಚು ಅಪಾಯಕಾರಿ. ಕಂಬದ ಬುಡದಲ್ಲಿ ಸುಳಿಯೇಳುವ ನೀರು ಮರಳನ್ನು ಎತ್ತಿ ಒಯ್ಯುತ್ತದೆ. ನೆರೆ ಇಳಿದ ಮೇಲೆ ಹೊಂಡದಲ್ಲಿ ಮತ್ತೆ ಮರಳು ತುಂಬುವುದರಿಂದ ಬೇಸಿಗೆಯಲ್ಲಿ ನೋಡುವವರಿಗೆ ಏನೂ ಕಾಣಿಸುವುದಿಲ್ಲ. ಈ ಕೊರೆತದ ಆಳವನ್ನು ಲೆಕ್ಕ ಹಾಕಲು ಬ್ರಿಟಿಷ್ ಭಾರತದ ನೀರಾವರಿ ಇಂಜಿನಿಯರ್ ಜೆರಾಲ್ಡ್ ಲೇಸಿ ಕೊಟ್ಟ ಸೂತ್ರವನ್ನು ಬಳಸುತ್ತಾರೆ. ಕಂಬದ ಬಳಿ ಅದರ ಎರಡು ಪಟ್ಟು ಆಳದವರೆಗೆ ಕೊರೆತವಾಗಬಹುದೆಂದು ಭಾವಿಸಿ, ತಳಪಾಯವನ್ನು ಅದಕ್ಕೂ ಕೆಳಗೆ, ಗಟ್ಟಿ ನೆಲದವರೆಗೆ ಇಳಿಸುತ್ತಾರೆ. ನದಿಯ ಪಾತ್ರದಿಂದ ಮಿತಿಮೀರಿ ಮರಳು ತೆಗೆದರೆ ಈ ಲೆಕ್ಕವೇ ತಲೆಕೆಳಗಾಗುತ್ತದೆ. ಮರಳುಗಾರಿಕೆಗೂ ಸೇತುವೆಯ ಆಯುಷ್ಯಕ್ಕೂ ಇರುವ ನಂಟು ಇದು.

ಹಳೆಯ ಸೇತುವೆಯ ಪರೀಕ್ಷೆ

ರೋಗಿಯನ್ನು ವೈದ್ಯರು ಪರೀಕ್ಷಿಸುವಂತೆಯೇ ಹಳೆಯ ಸೇತುವೆಯನ್ನೂ ಹಂತಹಂತವಾಗಿ ಪರೀಕ್ಷಿಸಬೇಕು. ಮೊದಲನೆಯದು ಕಣ್ಣಿನ ತಪಾಸಣೆ: ಬಿರುಕು, ಉದುರಿದ ಕಾಂಕ್ರೀಟು, ಹೊರಬಂದ ಕಂಬಿ, ಬಾಗಿದ ತೊಲೆ, ಕಲ್ಲಿನ ಸಂದಿಯಲ್ಲಿ ಬೇರುಬಿಟ್ಟ ಗಿಡ. ಎರಡನೆಯದು ಉಪಕರಣಗಳ ತಪಾಸಣೆ. ಸುತ್ತಿಗೆಯಂಥ ಸಾಧನದಿಂದ ಮೇಲ್ಮೈಯ ಗಡಸುತನವನ್ನೂ, ಶ್ರವಣಾತೀತ ತರಂಗಗಳಿಂದ ಒಳಗಿನ ಪೊಳ್ಳನ್ನೂ, ವಿದ್ಯುತ್ ವಿಭವದ ಅಳತೆಯಿಂದ ಕಂಬಿಯ ತುಕ್ಕನ್ನೂ ಪತ್ತೆಹಚ್ಚುತ್ತಾರೆ. ಕೊರೆದು ತೆಗೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದಾಗ ಆರೋಗ್ಯವಂತ ಭಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕ್ಷಾರಗುಣ ಕಳೆದುಕೊಂಡ ಭಾಗಕ್ಕೆ ಬಣ್ಣ ಬರುವುದಿಲ್ಲ. ಅಲ್ಲಿ ಕಂಬಿಗೆ ರಕ್ಷಣೆ ಹೋಗಿದೆಯೆಂದು ತಿಳಿಯಬೇಕು.

ಮೂರನೆಯದು ನೀರಿನೊಳಗಿನ ತಪಾಸಣೆ. ಮುಳುಗುಗಾರರು ಕಂಬದ ಬುಡವನ್ನು ಪರಿಶೀಲಿಸಿ ಕೊರೆತವನ್ನು ಅಳೆಯುತ್ತಾರೆ. ನಾಲ್ಕನೆಯದು ಭಾರ ಪರೀಕ್ಷೆ: ತೂಕ ಹೇರಿದ ಲಾರಿಗಳನ್ನು ನಿಲ್ಲಿಸಿ ತೊಲೆ ಎಷ್ಟು ತಗ್ಗುತ್ತದೆ, ಭಾರ ತೆಗೆದ ಮೇಲೆ ಎಷ್ಟು ಮೊದಲಿನ ಸ್ಥಿತಿಗೆ ಬರುತ್ತದೆ ಎಂದು ನೋಡುವುದು. ಈ ನಾಲ್ಕರಲ್ಲಿ ಮೊದಲನೆಯದು ಅಗ್ಗ, ಉಳಿದವು ದುಬಾರಿ. ಆದರೆ ಮಾಂಡವಿಯಲ್ಲಿ ತುಕ್ಕು ಇದ್ದದ್ದು ಕಾಂಕ್ರೀಟಿನ ಒಳಗೆ. ಪ್ರವಾಹದ ಕೊರೆತ ನಡೆಯುವುದು ನೀರಿನ ಅಡಿಯಲ್ಲಿ. ಕಣ್ಣಿಗೆ ಕಾಣುವುದನ್ನಷ್ಟೇ ನೋಡಿ ಕೊಡುವ ಸುರಕ್ಷತೆಯ ಪ್ರಮಾಣಪತ್ರಕ್ಕೆ ಎಷ್ಟು ಬೆಲೆಯೆಂಬುದನ್ನು ಓದುಗರೇ ಊಹಿಸಬಹುದು.

ಸಾವಿತ್ರಿ ದುರಂತದ ಬಳಿಕ 2016ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಭಾರತೀಯ ಸೇತುವೆ ನಿರ್ವಹಣಾ ವ್ಯವಸ್ಥೆಯನ್ನು ಜಾರಿಗೆ ತಂದಿತು. ಅದರಡಿ ರಾಷ್ಟ್ರೀಯ ಹೆದ್ದಾರಿಗಳ 1,72,517 ರಚನೆಗಳನ್ನು ಪಟ್ಟಿ ಮಾಡಲಾಯಿತು. ಅವುಗಳಲ್ಲಿ 1,34,229 ಮೋರಿಗಳು. ಉಳಿದವು ಸಣ್ಣ ಮತ್ತು ದೊಡ್ಡ ಸೇತುವೆಗಳು. ಇದು ಸ್ವಾಗತಾರ್ಹ ಕ್ರಮವೇ ಸರಿ. ಆದರೆ ಪಟ್ಟಿಯಾದ ಮೇಲೆಯೂ ಕಾಳಿ ಸೇತುವೆ ಕುಸಿದದ್ದನ್ನು ನೋಡಿದರೆ, ಎಣಿಕೆಗೂ ಪರೀಕ್ಷೆಗೂ ನಡುವಿನ ಅಂತರ ಇನ್ನೂ ತುಂಬಿಲ್ಲವೆಂದು ಹೇಳಬೇಕಾಗುತ್ತದೆ.

ಉಳಿಸುವುದೋ, ಬದಲಿಸುವುದೋ?

ಚತುಷ್ಪಥ ಯೋಜನೆಗಳಲ್ಲಿ ಸಾಮಾನ್ಯ ಪದ್ಧತಿ ಹೀಗಿದೆ: ಹಳೆಯ ದ್ವಿಪಥ ಸೇತುವೆ ಗಟ್ಟಿಯಾಗಿದ್ದರೆ ಅದನ್ನು ದುರಸ್ತಿ ಮಾಡಿ ಒಂದು ದಿಕ್ಕಿಗೆ ಬಳಸುವುದು, ಇನ್ನೊಂದು ದಿಕ್ಕಿಗೆ ಮಾತ್ರ ಹೊಸ ದ್ವಿಪಥ ಸೇತುವೆ ಕಟ್ಟುವುದು. ಇದರಿಂದ ವೆಚ್ಚ ಅರ್ಧದಷ್ಟು ಉಳಿಯುತ್ತದೆ. ಗಟ್ಟಿಮುಟ್ಟಾದ ಸೇತುವೆಯನ್ನು ಸುಮ್ಮನೆ ಕೆಡವುವುದು ಸಾರ್ವಜನಿಕ ಹಣದ ಅಪವ್ಯಯವೂ ಹೌದು. ಆದುದರಿಂದ ಉಳಿಸುವ ನೀತಿಯೇ ತಪ್ಪೆನ್ನಲಾಗದು. ಗಟ್ಟಿಯಾಗಿದೆ ಎಂಬುದನ್ನು ಯಾವ ಪರೀಕ್ಷೆಯಿಂದ, ಯಾರು, ಎಂದು ನಿರ್ಧರಿಸಿದರು ಎಂಬುದೇ ಮುಖ್ಯ.

ಇನ್ನೊಂದು ಮಾತನ್ನೂ ಗಮನಿಸಬೇಕು. 2011ರ ಕಾಂಕ್ರೀಟ್ ಸೇತುವೆ ಸಂಹಿತೆಯ ಪ್ರಕಾರ ಹೊಸ ಸೇತುವೆಯ ವಿನ್ಯಾಸದ ಆಯುಷ್ಯ 100 ವರ್ಷ. ಉಪ್ಪುನೀರಿನ ಪ್ರದೇಶದಲ್ಲಿ ಹೆಚ್ಚು ಬಲದ ಕಾಂಕ್ರೀಟು, ಕಂಬಿಯ ಮೇಲೆ ದಪ್ಪನೆಯ ಹೊದಿಕೆ ಕಡ್ಡಾಯ. ಹಳೆಯ ಸೇತುವೆಗಳು ಕಟ್ಟಲ್ಪಟ್ಟ ಕಾಲದಲ್ಲಿ ಈ ಬಗೆಯ ನಿಯಮಗಳು ಇಷ್ಟು ಬಿಗಿಯಾಗಿರಲಿಲ್ಲ. ಉಪ್ಪಿನ ಅಂಶ ನಿಧಾನವಾಗಿ ಕಾಂಕ್ರೀಟಿನೊಳಗೆ ಇಳಿದು ಕಂಬಿಯನ್ನು ಮುಟ್ಟಿದೊಡನೆ ತುಕ್ಕು ಆರಂಭವಾಗುತ್ತದೆ. ತುಕ್ಕು ಮೂಲ ಉಕ್ಕಿಗಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಬಿರಿಯುತ್ತದೆ. ಒಂದೇ ನದಿಯ ಮೇಲೆ, ಒಂದೇ ಹೆದ್ದಾರಿಯ ಎರಡು ದಿಕ್ಕುಗಳಿಗೆ ಎರಡು ಬೇರೆ ಬೇರೆ ಮಟ್ಟದ ಸುರಕ್ಷತೆ ದೊರೆಯುವುದು ಹೀಗೆ.

ಸಂಪೂರ್ಣ ಬದಲಾವಣೆಗೆ ಒಳ್ಳೆಯ ಉದಾಹರಣೆ ಗೋವೆಯ ಜುವಾರಿ. 1983ರ ಹಳೆಯ ಸೇತುವೆ ದುರ್ಬಲವಾಗಿ, ಭಾರೀ ವಾಹನಗಳಿಗೆ ನಿರ್ಬಂಧ ಹೇರಬೇಕಾಗಿ ಬಂದಿತ್ತು. ಅಲ್ಲಿ ಹಳೆಯದನ್ನು ಲೆಕ್ಕಕ್ಕೆ ಹಿಡಿಯದೆ, ಎರಡೂ ದಿಕ್ಕಿಗೆ ತಲಾ ನಾಲ್ಕು ಪಥಗಳ ಹೊಸ ತೂಗುತಂತಿ ಸೇತುವೆಗಳನ್ನು ಯೋಜಿಸಲಾಯಿತು. ಅದಿರಿನ ದೋಣಿಗಳ ಸಂಚಾರಕ್ಕೆ ಅಡ್ಡಿಯಾಗದಂತೆ ನಡುವಿನ ಅಂತರವನ್ನು 360 ಮೀಟರ್ ಇಡಲಾಯಿತು. ಒಂದು ಬದಿ 2022ರ ಡಿಸೆಂಬರಿನಲ್ಲಿ, ಇನ್ನೊಂದು 2023ರ ಡಿಸೆಂಬರಿನಲ್ಲಿ ಸಂಚಾರಕ್ಕೆ ಮುಕ್ತವಾದವು.

ಸಾವಿತ್ರಿಯಲ್ಲಿಯೂ ದುರಂತದ ನಂತರ ಹೊಸ ಸೇತುವೆಯನ್ನು ಕೇವಲ 165 ದಿನಗಳಲ್ಲಿ ಕಟ್ಟಿ 2017ರ ಜೂನ್‌ನಲ್ಲಿ ತೆರೆಯಲಾಯಿತು. ಅದು ಇಂಜಿನಿಯರರಿಗೆ ಸಲ್ಲಬೇಕಾದ ಗೌರವ. ಆದರೆ ಕಟ್ಟುವ ಕೆಲಸ 165 ದಿನಗಳದ್ದೇ ಆಗಿದ್ದರೆ, ಕಷ್ಟವಾಗಿದ್ದದ್ದು ಕಟ್ಟುವುದಲ್ಲ, ಕಟ್ಟಬೇಕೆಂದು ಮೊದಲೇ ನಿರ್ಧರಿಸುವುದು.

ಜಮೀನು, ನೋಟಿಸು ಮತ್ತು 21 ದಿನ

ಅಧ್ಯಯನ ಮುಗಿದು ಮಾರ್ಗ ನಿಶ್ಚಯವಾದ ಮೇಲೆ ಭೂಸ್ವಾಧೀನ. ಪರವೂರಿನಲ್ಲಿರುವ ಕುಟುಂಬಗಳು ಎಚ್ಚರದಿಂದಿರಬೇಕಾದ ಘಟ್ಟವಿದು. ರಾಷ್ಟ್ರೀಯ ಹೆದ್ದಾರಿ ಕಾಯಿದೆ 1956ರ 3ಎ ಕಲಮಿನಂತೆ ಸರಕಾರ ಮೊದಲು ತನ್ನ ಉದ್ದೇಶವನ್ನು ಅಧಿಸೂಚನೆಯ ಮೂಲಕ ಪ್ರಕಟಿಸುತ್ತದೆ. ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು; ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದಾಗಿರಬೇಕು. ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ 3ಸಿ ಕಲಮಿನಡಿ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಅದನ್ನು ಆಲಿಸಿದ ನಂತರ 3ಡಿ ಘೋಷಣೆ ಹೊರಟರೆ ಜಮೀನು ಕೇಂದ್ರ ಸರಕಾರದ್ದಾಗುತ್ತದೆ. ಒಂದು ವರ್ಷದೊಳಗೆ ಈ ಘೋಷಣೆ ಹೊರಡದಿದ್ದರೆ ಮೊದಲ ಅಧಿಸೂಚನೆ ಬಿದ್ದುಹೋಗುತ್ತದೆ.

ಉಡುಪಿ ಅಥವಾ ಕುಂದಾಪುರದ ಪತ್ರಿಕೆಯಲ್ಲಿ ಬಂದ ನೋಟಿಸು ಡೊಂಬಿವಲಿಯಲ್ಲೋ ಪುಣೆಯಲ್ಲೋ ಇರುವ ವಾರಸುದಾರರ ಕಣ್ಣಿಗೆ ಬೀಳುವುದು ಅಪರೂಪ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇರುವುದು, ಪೌತಿ ಖಾತೆ ಆಗದಿರುವುದು, ಪಾಲುಪಟ್ಟಿ ನೋಂದಣಿಯಾಗದಿರುವುದು ನಮ್ಮ ಅನೇಕ ಮನೆಗಳ ಸ್ಥಿತಿ. ಪರಿಹಾರದ ಮೊತ್ತ ನಿಗದಿಯಾದರೂ ಹಕ್ಕು ಸಾಬೀತಾಗದೆ ಅದು ಠೇವಣಿಯಲ್ಲಿಯೇ ಉಳಿಯಬಹುದು. 2015ರ ಜನವರಿ 1ರಿಂದ ಹೆದ್ದಾರಿ ಜಮೀನಿನ ಪರಿಹಾರಕ್ಕೂ 2013ರ ಭೂಸ್ವಾಧೀನ ಕಾಯಿದೆಯ ಲೆಕ್ಕವೇ ಅನ್ವಯಿಸುತ್ತದೆ. ಮಾರುಕಟ್ಟೆ ಬೆಲೆಯನ್ನು ಗ್ರಾಮೀಣ ಪ್ರದೇಶದಲ್ಲಿ 1ರಿಂದ 2ರವರೆಗಿನ ಅಂಶದಿಂದ ಗುಣಿಸಿ, ಮರ, ಬಾವಿ, ಕಟ್ಟಡಗಳ ಬೆಲೆ ಸೇರಿಸಿ, ಅಷ್ಟೇ ಮೊತ್ತವನ್ನು ಸಾಂತ್ವನ ಧನವಾಗಿ ಕೊಡಬೇಕು. ಮೊತ್ತ ಒಪ್ಪಿಗೆಯಾಗದಿದ್ದರೆ ಕೇಂದ್ರ ಸರಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಹೋಗಬಹುದು.

ಮಾರ್ಗದ ನಕ್ಷೆ ಮಾಡುವಾಗಲೇ ದೇವಸ್ಥಾನ, ಮಸೀದಿ, ಇಗರ್ಜಿ, ನಾಗಬನ, ದೈವಸ್ಥಾನ, ಶಾಲೆ, ಕೆರೆ, ಸ್ಮಶಾನಗಳನ್ನು ಗುರುತಿಸಬೇಕಾಗುತ್ತದೆ. ಈ ಹಂತದಲ್ಲಿ ಊರಿನವರು ಮಾಹಿತಿ ಕೊಟ್ಟರೆ ಸಣ್ಣ ತಿರುವಿನಿಂದ ಉಳಿಯಬಹುದಾದದ್ದು, ಘೋಷಣೆಯ ನಂತರ ಹೋರಾಟದಿಂದಲೂ ಉಳಿಯುವುದು ಕಷ್ಟ. ಪರಿಸರ ಅನುಮತಿ ಬೇಕಾದ ಯೋಜನೆಗಳಿಗೆ 2006ರ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಅದಕ್ಕೆ ಕನಿಷ್ಠ 30 ದಿನಗಳ ಮುನ್ಸೂಚನೆ ಇರಬೇಕು. ಲಿಖಿತ ಅಭಿಪ್ರಾಯವನ್ನೂ ಸಲ್ಲಿಸಲು ಅವಕಾಶವಿರುವುದರಿಂದ ದೂರದಲ್ಲಿರುವವರೂ ಭಾಗವಹಿಸಬಹುದು.

ನಾವು ಕೇಳಬಹುದಾದ ಪ್ರಶ್ನೆಗಳು

ಯೋಜನಾ ವರದಿ ಇಂಜಿನಿಯರರಿಗಷ್ಟೇ ಸೇರಿದ ದಸ್ತಾವೇಜಲ್ಲ. ಸಾರ್ವಜನಿಕ ಹಣದಿಂದ ತಯಾರಾದ ಅದರ ಪ್ರತಿಯನ್ನು ಮಾಹಿತಿ ಹಕ್ಕು ಕಾಯಿದೆ 2005ರಡಿ ಕೇಳಬಹುದು. ಕೇಂದ್ರದ ಕಚೇರಿಗಳಿಗೆ ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ನಮ್ಮೂರಿನ ಸೇತುವೆಯ ಕೊನೆಯ ತಪಾಸಣೆ ಎಂದು ನಡೆಯಿತು? ನೀರಿನಡಿಯ ತಳಪಾಯವನ್ನು ನೋಡಲಾಗಿದೆಯೇ? ಭಾರ ಪರೀಕ್ಷೆ ಆಗಿದೆಯೇ? ಹಳೆಯದನ್ನು ಉಳಿಸಲು ಶಿಫಾರಸು ಮಾಡಿದ್ದರೆ ಅದರ ಉಳಿದ ಆಯುಷ್ಯವನ್ನು ಎಷ್ಟೆಂದು ಅಂದಾಜಿಸಲಾಗಿದೆ? ಗುಡ್ಡ ಕಡಿದ ಜಾಗದಲ್ಲಿ ಇಳಿಜಾರಿನ ಕೋನ ಎಷ್ಟು? ಇವು ತಾಂತ್ರಿಕ ಪದವಿ ಇಲ್ಲದವರೂ ಕೇಳಬಹುದಾದ ಪ್ರಶ್ನೆಗಳು.

ಮುಂಬಯಿ, ಪುಣೆಗಳ ಕನ್ನಡ ಸಂಘ ಸಂಸ್ಥೆಗಳಲ್ಲಿ ನಿವೃತ್ತ ಇಂಜಿನಿಯರರೂ ನ್ಯಾಯವಾದಿಗಳೂ ಸಾಕಷ್ಟಿದ್ದಾರೆ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಕಟ್ಟಡಕ್ಕೆ ಮುಂಬಯಿ ಸಮಿತಿಗಳು ನೆರವಾಗುವುದು ನಮ್ಮಲ್ಲಿ ನಡೆದುಬಂದ ಸಂಪ್ರದಾಯ. ಅಂಥ ಸಮಿತಿಗಳೇ ತಮ್ಮ ಊರಿನ ಹೆದ್ದಾರಿ ಯೋಜನೆಯ ವರದಿಯನ್ನು ತರಿಸಿಕೊಂಡು ಓದಿ, ಗ್ರಾಮ ಪಂಚಾಯತಿಗೂ ಊರಿನ ಹಿರಿಯರಿಗೂ ಅದರ ಸಾರವನ್ನು ಕನ್ನಡದಲ್ಲಿ ತಿಳಿಸಿದರೆ ಅದೂ ಒಂದು ದೊಡ್ಡ ಸೇವೆಯೇ. ಗಣೇಶ ಚತುರ್ಥಿಗೋ, ಮಕ್ಕಳ ಬೇಸಿಗೆ ರಜೆಗೋ ರಾತ್ರಿ ಬಸ್ಸು ಹಿಡಿದು ಊರಿಗೆ ಹೊರಡುವ ಸಾವಿರಾರು ಕುಟುಂಬಗಳು ಒಂದರ ಹಿಂದೊಂದರಂತೆ ಬರುವ ಈ ಸೇತುವೆಗಳನ್ನು ನಿದ್ದೆಯಲ್ಲಿಯೇ ದಾಟುತ್ತವೆ. ಆ ನಿದ್ದೆ ನೆಮ್ಮದಿಯದಾಗಿರಬೇಕಾದರೆ ವರ್ಷಗಳ ಹಿಂದೆ ಸಿದ್ಧವಾಗುವ ಯೋಜನಾ ವರದಿಯಲ್ಲಿ ಹಳೆಯ ಸೇತುವೆಯ ಪುಟವನ್ನು ಯಾರಾದರೂ ಶ್ರದ್ಧೆಯಿಂದ ಬರೆದಿರಬೇಕು, ಇನ್ನಾರಾದರೂ ಅದನ್ನು ಓದಿರಬೇಕು.